ಬೇಸಗೆಯ ರಜೆಗೆ ನಮ್ಮ ಕಡಲತೀರ

ಬೇಸಗೆಯ ರಜೆ ಹತ್ತಿರ ಬಂದಿತೆಂದರೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಈ ವರ್ಷ ಎಲ್ಲಿಗೆ ಹೋಗುವುದು? ಉತ್ತರಪತ್ರಿಕೆಗಳ ಕಟ್ಟುಗಳು ನನ್ನ ಮೇಜನ್ನು ಬಿಟ್ಟು ತೊಲಗಿದ ಮರುದಿನವೇ ನನ್ನ ಮನೆಯಲ್ಲಿಯೂ ಈ ಚರ್ಚೆ ಆರಂಭವಾಗುವುದುಂಟು. ಹಿರಿಯರು ತೀರ್ಥಕ್ಷೇತ್ರಗಳ ಹೆಸರನ್ನು ಹೇಳುತ್ತಾರೆ. ಗೃಹಿಣಿ ತೌರೂರಿನ ಹೆಸರನ್ನು ಹೇಳುತ್ತಾಳೆ. ಮಕ್ಕಳು ಎಲ್ಲಿಗಾದರೂ ಸರಿ, ಹೊರಟರೆ ಸಾಕೆಂದು ಪೆಟ್ಟಿಗೆಯ ಸುತ್ತ ಸುಳಿಯುತ್ತಿರುತ್ತಾರೆ. ಸೆಕೆಗೆ ಹೆದರಿದವರು ಉದಕಮಂಡಲ, ಕೆಮ್ಮಣ್ಣುಗುಂಡಿಗಳ ಕಡೆಗೆ ಮುಖ ಮಾಡುತ್ತಾರೆ. ಇವರೆಲ್ಲರಿಗೂ ನಾನು ಇಂದು ಇನ್ನೊಂದು ದಾರಿಯನ್ನು ಸೂಚಿಸಬೇಕೆಂದಿದ್ದೇನೆ. ಈ ಸಲ ಬೆಟ್ಟವನ್ನು ಹತ್ತಬೇಡಿರಿ; ಘಟ್ಟವನ್ನು ಇಳಿಯಿರಿ; ಕಡಲನ್ನು ನೋಡಿಬನ್ನಿರಿ.

"ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯೆ? ಬೆವರಿನಲ್ಲಿ ಮೀಯುವುದಕ್ಕೆ ಅಷ್ಟು ದೂರ ಹೋಗಬೇಕೆ?" ಎಂದು ಕೆಲವರು ಕೇಳಬಹುದು. ಮಧ್ಯಾಹ್ನದ ಹೊತ್ತು ಅಲ್ಲಿಯ ಬಿಸಿಲು ಕಠಿನವೆಂಬುದು ನಿಜ. ಆದರೆ ಕರಾವಳಿಯ ದಿನಕ್ಕೆ ತನ್ನದೇ ಆದ ಒಂದು ಏರ್ಪಾಟಿದೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹೊತ್ತೇರಿದಂತೆ ನೆಲದ ಮೇಲಿನ ಗಾಳಿ ಕಾದು ಮೇಲಕ್ಕೇಳಲು, ಆ ತೆರವನ್ನು ತುಂಬುವುದಕ್ಕೆ ಕಡಲಿನ ಕಡೆಯಿಂದ ತಂಪಾದ ಗಾಳಿ ಬೀಸತೊಡಗುತ್ತದೆ. ಸಂಜೆಯ ತನಕ ಅದು ನಿಲ್ಲುವುದಿಲ್ಲ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಅದೇ ಗಾಳಿ ದಿಕ್ಕು ಬದಲಿಸಿ ನೆಲದಿಂದ ಕಡಲಿಗೆ ಬೀಸುತ್ತದೆ. ಯಂತ್ರದ ದೋಣಿಗಳು ಬರುವುದಕ್ಕೆ ಮುಂಚೆ ಬೆಸ್ತರು ನಸುಕಿನ ಗಾಳಿಗೆ ಹಾಯಿ ಬಿಚ್ಚಿ ಕಡಲಿಗೆ ಹೋಗಿ, ಮಧ್ಯಾಹ್ನದ ಗಾಳಿಗೆ ಹಾಯಿಯನ್ನೊಡ್ಡಿ ದಡಕ್ಕೆ ಬರುತ್ತಿದ್ದರು. ಪ್ರವಾಸಿಯೂ ಈ ಕ್ರಮವನ್ನೇ ಅನುಸರಿಸಿ, ಬೆಳಗಿನಲ್ಲೂ ಸಂಜೆಯಲ್ಲೂ ತೀರದಲ್ಲಿದ್ದು ನಡುಹಗಲನ್ನು ನೆರಳಿನಲ್ಲಿ ಕಳೆದರೆ ಸೆಕೆಯನ್ನು ದೂರಬೇಕಾಗಿಲ್ಲ. ಅಲ್ಲದೆ, ವರ್ಷದಲ್ಲಿ ಕಡಲತೀರ ಅತ್ಯಂತ ವಿಶಾಲವಾಗಿರುವ ಕಾಲಗಳಲ್ಲಿ ಬೇಸಗೆಯೂ ಒಂದು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಸ್ಥಳಗಳ ಹೆಸರಿಗೆ ಬರುವುದಕ್ಕೆ ಮೊದಲು ನಮ್ಮನ್ನು ಕುರಿತೇ ಒಂದು ಮಾತನ್ನು ಹೇಳಿಕೊಳ್ಳಬೇಕು. ಮೈಸೂರು, ಬೆಂಗಳೂರು, ಹಾಸನ, ತುಮಕೂರುಗಳ ನಾವು ಕೆರೆಯ ಜನ. ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಕಾರವಾರ, ಹೊನ್ನಾವರಗಳು ಮುಂಬಯಿ ಆಧಿಪತ್ಯದಲ್ಲಿದ್ದವು. ಮಂಗಳೂರು, ಉಡುಪಿಗಳು ಮದರಾಸು ಆಧಿಪತ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗಲೇ ಸುಮಾರು 320 ಕಿಲೋಮೀಟರಿನ ಆ ಕರಾವಳಿಯೂ ನಾವೂ ಒಂದೇ ರಾಜ್ಯದವರಾದೆವು. ನಮ್ಮ ಹಳೆಯ ಕವಿಗಳೇನೋ ಅಷ್ಟಾದಶ ವರ್ಣನೆಗಳಲ್ಲಿ ಕಡಲನ್ನೂ ಒಂದಾಗಿ ಎಣಿಸಿದ್ದರು. ಮಹಾಕಾವ್ಯ ಬರೆಯಬೇಕಾದರೆ ಸಮುದ್ರವನ್ನು ವರ್ಣಿಸಲೇಬೇಕಾಗಿತ್ತು. ಆದರೆ ವರ್ಣಿಸಿದವರೆಲ್ಲರೂ ಅದನ್ನು ಕಂಡಿದ್ದರೇ ಎಂಬ ಸಂಶಯ ನನಗೆ ಆಗಾಗ ಬರುವುದುಂಟು.

ಅವರನ್ನು ಆಕ್ಷೇಪಿಸುವ ಯೋಗ್ಯತೆ ನನಗಿಲ್ಲ. ಇಂಗ್ಲಿಷ್ ಅಧ್ಯಾಪಕನಾಗಿ ಮೊದಲ ನಾಲ್ಕು ವರ್ಷಗಳ ಕಾಲ ಕೋಲ್‌ರಿಜ್ ಕವಿಯ ಮುದಿ ನಾವಿಕನನ್ನೂ ಮ್ಯಾಥ್ಯೂ ಆರ್ನಾಲ್ಡನ ಡೋವರ್ ತೀರವನ್ನೂ ನಾನು ಕಡಲನ್ನೇ ಕಾಣದೆ ಪಾಠ ಹೇಳಿದೆ. ಕೇಳುತ್ತಿದ್ದ ಹುಡುಗರೂ ಕಂಡವರಲ್ಲ. ಹಾಸನದ ಕಡೆಯ ನನ್ನ ಹಳ್ಳಿಯ ಕೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದನ್ನು ನೂರು ಪಾಲು ಹಿಗ್ಗಿಸಿ, ಅದರ ಮೇಲೆ ಒಂದು ಹಡಗನ್ನು ತೇಲಿಬಿಟ್ಟು, ಇದೇ ಕಡಲೆಂದು ನಾನು ಹೇಳಿದೆ, ಅವರು ಬರೆದುಕೊಂಡರು. ಆ ಕೆರೆಯ ಕಣ್ಣಿನಿಂದಲೇ ನಾನು ಮೊದಲ ಸಲ ನಿಜವಾದ ಕಡಲನ್ನು ನೋಡಿದುದು. ಅದರ ಫಲವನ್ನು ಈಗ ಹೇಳುತ್ತೇನೆ.

ಹದಿನೆಂಟು ವರ್ಷಗಳ ಹಿಂದಿನ ಮಾತು. ಹನ್ನೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಕುಂದಾಪುರದ ಹತ್ತಿರದ ಒಂದು ತೀರಕ್ಕೆ ಹೋಗಿದ್ದೆ. ಸಂಜೆ ನಾಲ್ಕೂವರೆಯ ಹೊತ್ತು. ಉದ್ದಕ್ಕೂ ಅಲೆಗಳು ಎದ್ದು, ಬೆಳ್ಳಗೆ ನೊರೆಯೊಡೆದು ಬೀಳುತ್ತಿದ್ದವು. ಹುಡುಗರು ನೀರಿಗಿಳಿಯಲು ಅಪ್ಪಣೆ ಬೇಡಿದರು. ಜವಾಬ್ದಾರಿಯುಳ್ಳ ಅಧ್ಯಾಪಕನಂತೆ ನಾನು ತೀರವನ್ನೆಲ್ಲ ಪರೀಕ್ಷಿಸಿ ನೋಡಿದೆ. ಒಂದು ಕಡೆ ಇಪ್ಪತ್ತು ಇಪ್ಪತ್ತೈದು ಅಡಿಗಳಷ್ಟು ಅಗಲಕ್ಕೆ ಅಲೆಯೇ ಏಳುತ್ತಿರಲಿಲ್ಲ. ನೀರು ಸ್ವಲ್ಪ ಕಪ್ಪಾಗಿ, ಕೆರೆಯ ನೀರಿನಂತೆ ಶಾಂತವಾಗಿತ್ತು. "ಅಗೋ, ಅಲ್ಲಿ ಇಳಿಯಿರಿ, ಅಲ್ಲಿ ಅಪಾಯವಿಲ್ಲ" ಎಂದೆ. ಇಬ್ಬರು ಇಳಿದರು. ಒಬ್ಬನು ಎರಡು ಹೆಜ್ಜೆ ಇಟ್ಟವನೇ ಹೆದರಿ ಹಿಂದಿರುಗಿದನು. ಇನ್ನೊಬ್ಬನು ನಾವು ನೋಡುತ್ತಿದ್ದಂತೆಯೇ ದೂರವಾಗತೊಡಗಿದನು. ಅವನು ನಮ್ಮ ಕಡೆಗೇ ಈಜುತ್ತಿದ್ದನು. ಆದರೂ ದೂರವಾಗುತ್ತಲೇ ಇದ್ದನು.

ದೋಣಿಯ ನೆರಳಿನಲ್ಲಿ ಬಲೆಯ ಹರಕನ್ನು ಸರಿಪಡಿಸುತ್ತ ಕುಳಿತಿದ್ದ ಒಬ್ಬ ವೃದ್ಧರು ಎದ್ದು ಓಡಿಬಂದರು. ನನ್ನ ಆಶ್ಚರ್ಯಕ್ಕೆ ಅವರು ಆ ಶಾಂತವಾದ ನೀರಿಗೆ ಇಳಿಯಲಿಲ್ಲ. ಪಕ್ಕಕ್ಕೆ ಓಡಿ, ಅಲೆಗಳು ಮುರಿಯುತ್ತಿದ್ದ ಕಡೆಯಲ್ಲಿ ಇಳಿದು, ಹುಡುಗನಿಗೆ ಕೈಸನ್ನೆಯಿಂದ ತಮ್ಮ ಕಡೆಗೆ ಅಡ್ಡಲಾಗಿ ಬರುವಂತೆ ತೋರಿಸಿದರು. ಅವನು ಹೇಗೋ ಅಷ್ಟು ದೂರ ಬಂದನು. ಆ ಮೇಲೆ ಅಲೆಗಳೇ ಇಬ್ಬರನ್ನೂ ದಡಕ್ಕೆ ತಂದು ಬಿಟ್ಟವು. ವೃದ್ಧರು ಮೈಯನ್ನು ಒರಸಿಕೊಳ್ಳದೆ ನನ್ನೆದುರಿಗೆ ನಿಂತು, "ಮಾಷ್ಟ್ರೇ, ಇದ್ ಕೆರಿ ಅಲ್ಲ, ಕಡ್ಲ್" ಎಂದರು. ಅಷ್ಟೇ ಹೇಳಿ ತಮ್ಮ ಬಲೆಯ ಬಳಿಗೆ ಹೋದರು. ಆ ಹುಡುಗ ಈಗ ದೊಡ್ಡ ಉದ್ಯೋಗದಲ್ಲಿದ್ದಾನೆ. ವರ್ಷಕ್ಕೊಮ್ಮೆ ನನ್ನನ್ನು ಕಾಣಲು ಬರುತ್ತಾನೆ. ಆ ಸಂಜೆಯ ವಿಷಯವನ್ನು ನಾವಿಬ್ಬರೂ ಎತ್ತುವುದಿಲ್ಲ.

ನಾನು ಮಾಡಿದ ತಪ್ಪೇನೆಂಬುದನ್ನು ಆ ಮೇಲೆ ವಿಚಾರಿಸಿ ತಿಳಿದುಕೊಂಡೆ. ಅಲೆಗಳು ಒಂದರ ಹಿಂದೊಂದು ದಡಕ್ಕೆ ತಂದು ಸುರಿಯುವ ನೀರು ಹಿಂದಿರುಗಿ ಹೋಗಲೇಬೇಕಷ್ಟೆ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನೊಳಗೆ ಮರಳಿನ ದಿಬ್ಬಗಳಿರುತ್ತವೆ. ಆ ದಿಬ್ಬದಲ್ಲಿ ಎಲ್ಲಿ ಒಡಕು ಇರುತ್ತದೆಯೋ ಅಲ್ಲಿ ನೀರೆಲ್ಲ ಸೇರಿ ಕಿರಿದಾದ ಹೊನಲಾಗಿ ಕಡಲಿಗೆ ಓಡುತ್ತದೆ. ಅಲ್ಲಿ ತಳ ಆಳವಾದ್ದರಿಂದ ಅಲೆ ಮುರಿಯುವುದಿಲ್ಲ. ಮೇಲ್ಗಡೆ ಶಾಂತವಾಗಿ ಕಾಣುತ್ತದೆ. ಕೆರೆಯಲ್ಲಿ ಶಾಂತವಾದ ನೀರನ್ನು ನಂಬಬಹುದು. ಕಡಲಿನಲ್ಲಿ ಅಲೆಗಳ ನಡುವೆ ಶಾಂತವಾಗಿ ಕಾಣುವ ಓಣಿಯೇ ಮನುಷ್ಯನನ್ನು ಸೆಳೆದುಕೊಂಡು ಹೋಗುವ ಜಾಗ. ಅದಕ್ಕೆದುರಾಗಿ ಈಜಿದವನು ಎಷ್ಟೇ ಬಲಶಾಲಿಯಾದರೂ ದಣಿಯುತ್ತಾನೆ, ದಣಿದವನು ಮುಳುಗುತ್ತಾನೆ. ಸೆಳವು ತಾನಾಗಿ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಆದುದರಿಂದ ಸಿಕ್ಕಿಕೊಂಡವನು ಗಾಬರಿಗೊಳ್ಳದೆ ತೇಲುತ್ತಿದ್ದು, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಹೊನಲಿನ ಅಗಲವನ್ನು ದಾಟಿದ ಮೇಲೆ ಅಲೆಗಳ ಜೊತೆಯಲ್ಲಿ ದಡಕ್ಕೆ ಬರಬೇಕು.

ರಜೆಯ ಮಾತಿನ ನಡುವೆ ಇದೇಕೆಂದು ನೀವು ಬೇಸರಪಡಬಾರದು. 2024ರ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ಒಂದು ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅಲ್ಲಿ ನಡೆದುದನ್ನು ಕುರಿತು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಸುದ್ದಿಯನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅವರೂ ಕೆರೆಯ ಊರಿನ ಮಕ್ಕಳು ಎಂಬುದೊಂದೇ ಮನಸ್ಸಿನಲ್ಲಿ ನಿಂತಿತ್ತು. ನೀರಿಗೆ ಇಳಿಯುವ ಮುಂಚೆ ಊರವರನ್ನು ಕೇಳಿರಿ. ಜೀವರಕ್ಷಕರು ಕಾವಲಿರುವ ಜಾಗದಲ್ಲಿ ಮಾತ್ರ ಇಳಿಯಿರಿ. ಅವರು ಸೀಟಿ ಊದಿದರೆ ವಾದಿಸಬೇಡಿರಿ. ಮಕ್ಕಳಿಗೆ ಮೊಣಕಾಲುದ್ದದ ನೀರು ಸಾಕು. ಅಲ್ಲಿಯೂ ನಿಮ್ಮ ಕೈ ಅವರ ಕೈಯಲ್ಲಿರಲಿ. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಎಂದೂ ಈಜಬಾರದು. ಮೇ ತಿಂಗಳ ನಡುಭಾಗ ಕಳೆದ ಮೇಲೆ ಕಡಲನ್ನು ದಡದಿಂದಲೇ ನೋಡಿ ತೃಪ್ತರಾಗಬೇಕು.

ಇಷ್ಟನ್ನು ಹೇಳಿದ ಮೇಲೆ ಈಗ ನಿಶ್ಚಿಂತೆಯಿಂದ ನಿಮ್ಮನ್ನು ಉತ್ತರದ ತುದಿಯಿಂದ ದಕ್ಷಿಣದವರೆಗೆ ಕರೆದೊಯ್ಯಬಹುದು. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ಣಗೊಂಡ ಮೇಲೆ ಈ ಪ್ರವಾಸ ಬಹಳ ಸುಲಭವಾಗಿದೆ.

ಮೊದಲನೆಯದು ಕಾರವಾರ. ಕಾಳೀ ನದಿ ಇಲ್ಲಿ ಕಡಲನ್ನು ಸೇರುತ್ತದೆ. ಎದುರಿಗೆ ದ್ವೀಪಗಳು ಕಾವಲು ನಿಂತಿವೆ. ಬೆನ್ನಿಗೆ ಸಹ್ಯಾದ್ರಿಯ ಸಾಲು ನೀರಿನ ಅಂಚಿನವರೆಗೂ ಇಳಿದು ಬಂದಿದೆ. 1883ರ ಸುಮಾರಿಗೆ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಲೋಕವನ್ನು ಜಯಿಸಿದೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಬಾಲಿಕೆಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆಯುಳ್ಳ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಬೆಳದಿಂಗಳಿನಲ್ಲಿ ಕಾಳೀ ನದಿಯ ದೋಣಿಯಿಂದಿಳಿದು ಅಳಿವೆಯ ಮರಳಿನ ಮೇಲೆ ನಡೆದುಬಂದ ರಾತ್ರಿಯನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಆ ತೀರಕ್ಕೆ ಈಗ ಅವರ ಹೆಸರನ್ನೇ ಇಟ್ಟಿದೆ. ಏಕಾಂತವನ್ನು ಬಯಸುವವರಿಗೂ ಸಾಹಿತ್ಯಪ್ರಿಯರಿಗೂ ಕಾರವಾರ ಹಿತವಾದ ಸ್ಥಳ.

ಅಲ್ಲಿಂದ ದಕ್ಷಿಣಕ್ಕೆ ಬಂದರೆ ಅಂಕೋಲೆ. 1930ರ ಏಪ್ರಿಲ್ ತಿಂಗಳಿನಲ್ಲಿ ಇಲ್ಲಿಯ ಜನ ಕಡಲಿನ ನೀರಿನಿಂದ ಉಪ್ಪನ್ನು ಮಾಡಿ ಕಾನೂನನ್ನು ಮುರಿದರು. ಅದೇ ಏಪ್ರಿಲ್ ಮೇ ತಿಂಗಳಿನಲ್ಲಿ ಹೋದವರಿಗೆ ಇಲ್ಲಿಯ ಕರಿ ಈಶಾಡು ಮಾವಿನಹಣ್ಣು ದೊರೆಯುತ್ತದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿತು. ಸಿಪ್ಪೆ ತೆಳು, ತಿರುಳು ಧಾರಾಳ. ದೂರಕ್ಕೆ ಕಳುಹಿಸಿದರೆ ಕೆಡುತ್ತದೆ. ಆದ್ದರಿಂದ ಅಲ್ಲಿಗೇ ಹೋಗಿ ತಿನ್ನುವುದು ಉತ್ತಮ.

ಮುಂದೆ ಗೋಕರ್ಣ. ಕ್ಷೇತ್ರದರ್ಶನವಾದ ಮೇಲೆ ಕೆಂಪು ಮುರಕಲ್ಲಿನ ಗುಡ್ಡವನ್ನು ಹತ್ತಿ ಇಳಿದರೆ ಕುಡ್ಲೆ ತೀರ, ಅದನ್ನು ದಾಟಿದರೆ ಓಂ ತೀರ. ಎರಡು ಕೊಲ್ಲಿಗಳೂ ಅವುಗಳ ನಡುವಿನ ಬಂಡೆಗಳೂ ಸೇರಿ ಮೇಲಿನಿಂದ ನೋಡುವವರಿಗೆ ಓಂಕಾರದ ಆಕೃತಿಯನ್ನು ತೋರಿಸುತ್ತವೆ. ನಡೆಯಬಲ್ಲ ತರುಣರಿಗೆ ಇದಕ್ಕಿಂತ ಸೊಗಸಾದ ಹಾದಿ ಇಲ್ಲ. ಆದರೆ ಉಬ್ಬರದ ಹೊತ್ತಿನಲ್ಲಿ ಒದ್ದೆ ಬಂಡೆಗಳ ಮೇಲೆ ಹೋಗಬಾರದು. ಕೆರೆಗೆ ಉಬ್ಬರವಿಳಿತಗಳಿಲ್ಲ, ಕಡಲಿಗೆ ಅವು ದಿನಕ್ಕೆ ಎರಡೆರಡು ಬಾರಿ ಬರುತ್ತವೆ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಪಂಚಾಂಗ ನೋಡಿ ಹೊರಡುವ ಹಿರಿಯರ ಪದ್ಧತಿಗೆ ಇಲ್ಲಿ ಒಂದು ಹೊಸ ಪ್ರಯೋಜನವುಂಟು.

ಗೋಕರ್ಣದಿಂದ ಕುಮಟೆಯ ಕಡೆಗೆ ಬರುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡದೆ ಇರಬಾರದು. ಬೇಸಗೆಯೇ ಅಲ್ಲಿಯ ಸುಗ್ಗಿ. ಬಿಸಿಲಿಗೆ ನೀರು ಆರಿ ಉಪ್ಪು ಕಟ್ಟುವುದನ್ನು ಪಟ್ಟಣದ ಮಕ್ಕಳಿಗೆ ತೋರಿಸಿದರೆ ಒಂದು ವರ್ಷದ ರಸಾಯನಶಾಸ್ತ್ರದ ಪಾಠಕ್ಕೆ ಸಮ. ಹತ್ತಿರದಲ್ಲೇ ಅಘನಾಶಿನಿ ನದಿಯ ಅಳಿವೆಯಿದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಕೆಸರಿನಲ್ಲಿ ಬಾಗಿ ಚಿಪ್ಪುಗಳನ್ನು ಆಯುತ್ತಿರುತ್ತಾರೆ. ದೊಡ್ಡ ಅಣೆಕಟ್ಟಿಲ್ಲದೆ ಹರಿದು ಬರುವ ಈ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಲಾಯಿತು.

ಹೊನ್ನಾವರದಲ್ಲಿ ಶರಾವತಿಯನ್ನು ದಾಟಿದ ಕೂಡಲೆ ಕಾಸರಕೋಡು. ಸ್ವಚ್ಛತೆಗೂ ಸುರಕ್ಷತೆಗೂ ಕೊಡುವ ಅಂತರರಾಷ್ಟ್ರೀಯ ನೀಲಿ ಬಾವುಟದ ಮಾನ್ಯತೆ 2020ರಲ್ಲಿ ಈ ತೀರಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರೆಯ ತೀರಕ್ಕೂ ದೊರೆಯಿತು. ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ನಾನು ಈ ಎರಡನ್ನೂ ಮೊದಲು ಹೇಳುತ್ತೇನೆ. ಮುರ್ಡೇಶ್ವರದಲ್ಲಿ ಮೂರು ಕಡೆ ಕಡಲು ಸುತ್ತುವರಿದ ಗುಡ್ಡದ ಮೇಲೆ 123 ಅಡಿ ಎತ್ತರದ ಶಿವನ ಮೂರ್ತಿಯಿದೆ. ಭಕ್ತಿಯೂ ವಿಹಾರವೂ ಒಂದೇ ಪ್ರಯಾಣದಲ್ಲಿ ಆಗಬೇಕೆನ್ನುವವರಿಗೆ ಅದು ಅನುಕೂಲ.

ಇನ್ನು ಮರವಂತೆ. ಇದನ್ನು ವರ್ಣಿಸುವುದಕ್ಕೆ ಹೋಗಿ ನಾನು ಹಲವು ಸಲ ಸೋತಿದ್ದೇನೆ. ಕೊಲ್ಲೂರಿನ ಕಡೆಯಿಂದ ಇಳಿದು ಬರುವ ಸೌಪರ್ಣಿಕಾ ನದಿ ಕಡಲಿಗೆ ಕೂಗಳತೆಗಿಂತಲೂ ಹತ್ತಿರ ಬರುತ್ತದೆ. ಬಂದು, ಏಕೋ ಮನಸ್ಸನ್ನು ಬದಲಿಸಿದಂತೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಆ ನದಿಗೂ ಕಡಲಿಗೂ ನಡುವೆ ಹೆದ್ದಾರಿ ಹಾದುಹೋಗಿದೆ. ಒಂದು ಕಡೆ ತೆಂಗಿನ ನೆರಳನ್ನು ಹೊತ್ತ ಹಸುರು ನೀರು, ಇನ್ನೊಂದು ಕಡೆ ಮೊರೆಯುವ ನೀಲಿ ನೀರು. ಕೆರೆಯ ಕಣ್ಣು, ಕಡಲಿನ ಕಣ್ಣು ಎರಡೂ ಇಲ್ಲಿ ತೃಪ್ತಿಪಡುತ್ತವೆ. ಆದರೆ ಇಲ್ಲಿಯ ಕಡಲು ಆಳವಾದದ್ದು. ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಬೇಕು.

ಉಡುಪಿಯ ಬಳಿ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಬಡಗಿ ಅಳೆದು ಕಡೆದಿಟ್ಟಂತಿರುವ ಕಲ್ಲಿನ ಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಅನೇಕವಕ್ಕೆ ಆರು ಮುಖ. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿಬಂದ ಲಾವಾರಸ ಆರುತ್ತ ಕುಗ್ಗಿ ಬಿರುಕುಬಿಟ್ಟು ಹೀಗಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಅಲ್ಲಿಂದ ದಕ್ಷಿಣಕ್ಕೆ ಕಾಪುವಿನಲ್ಲಿ, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸೂರ್ಯಾಸ್ತವನ್ನು ನೋಡಬೇಕಾದರೆ ಅಲ್ಲಿಯೇ ನೋಡಬೇಕು. ನಮ್ಮಲ್ಲಿ ಕೋಡಿ ಎಂದರೆ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಜಾಗ. ಈ ಸೀಮೆಯಲ್ಲಿ ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆಗೆ ಕೋಡಿ ಎನ್ನುತ್ತಾರೆ. ಮಲ್ಪೆಯ ಉತ್ತರಕ್ಕಿರುವ ಕೋಡಿ ಬೆಂಗ್ರೆಯಲ್ಲಿ ಆ ಮಾತಿನ ಅರ್ಥವನ್ನು ಕಣ್ಣಾರೆ ಕಾಣಬಹುದು.

ಕೊನೆಯದಾಗಿ ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿಯ ಆಚೆಗೆ, ಉಳ್ಳಾಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು. ಇಲ್ಲಿಗೆ ನೀವು ಸೌಂದರ್ಯವನ್ನು ನೋಡಲು ಮಾತ್ರ ಬರಬೇಡಿರಿ. ಬೇರು ಕಿತ್ತ ತೆಂಗಿನ ಮರಗಳನ್ನೂ ಅಡಿಪಾಯ ಮಾತ್ರ ಉಳಿದ ಮನೆಗಳನ್ನೂ ದಡದುದ್ದಕ್ಕೂ ಸುರಿದ ಕಪ್ಪು ಬಂಡೆಗಳ ಸಾಲನ್ನೂ ಇಲ್ಲಿ ಕಾಣಬೇಕಾಗುತ್ತದೆ. ಇದಕ್ಕೆ ಅಲ್ಲಿಯವರು ಕಡಲ ಕೊರೆತ ಎನ್ನುತ್ತಾರೆ.

ಬೇಸಗೆಯಲ್ಲಿ ತೀರ ವಿಶಾಲವಾಗಿರುವ ಕಾರಣವನ್ನು ಹೇಳುತ್ತೇನೆಂದು ಆಗ ಹೇಳಿದ್ದೆ. ಅದನ್ನು ತಿಳಿದರೆ ಉಳ್ಳಾಲದ ದುಃಖವೂ ತಿಳಿಯುತ್ತದೆ. ಕೆರೆಯ ಏರಿ ಕಟ್ಟಿದಲ್ಲೇ ಇರುತ್ತದೆ. ಕಡಲಿನ ದಡ ಸಂಚಾರಿ. ಜೂನ್ ತಿಂಗಳಿನಲ್ಲಿ ಮುಂಗಾರಿನ ಎತ್ತರವಾದ ಅಲೆಗಳು ದಡದ ಮರಳನ್ನು ಕೆತ್ತಿ ಒಳಕ್ಕೆ ಒಯ್ದು ನೀರಿನಡಿಯಲ್ಲಿ ದಿಬ್ಬಗಳಾಗಿ ಇಡುತ್ತವೆ. ಮಳೆಗಾಲ ಕಳೆದ ಮೇಲೆ, ಸೌಮ್ಯವಾದ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ಏಪ್ರಿಲ್ ಹೊತ್ತಿಗೆ ತೀರ ತುಂಬಿಕೊಳ್ಳುತ್ತದೆ. ನೀವು ರಜೆಯಲ್ಲಿ ಹಾಸಿಕೊಂಡು ಕುಳಿತುಕೊಳ್ಳುವ ಮರಳು ಹೀಗೆ ಮರಳಿ ಬಂದ ಮರಳು.

ಈ ಕೊಡುಕೊಳ್ಳುವಿಕೆ ನಡೆಯಬೇಕಾದರೆ ಹೋದದ್ದು ಹಿಂದಿರುಗಬೇಕು. ಹೊಸ ಮರಳೂ ನದಿಗಳಿಂದ ಬರುತ್ತಿರಬೇಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಕಾಳಿಗೂ ಅಣೆಕಟ್ಟುಗಳು ಬಂದವು. ಅವುಗಳಿಂದ ನಮ್ಮ ಮನೆಗಳಿಗೆ ಬೆಳಕು ಬಂದಿತು. ಮೇಲಿನಿಂದ ಬರಬೇಕಾದ ಮರಳು ಜಲಾಶಯಗಳ ತಳದಲ್ಲಿ ನಿಂತಿತು. ಕೆಳಗೆ ಉಳಿದ ಮರಳನ್ನು ನಮ್ಮ ಕಟ್ಟಡಗಳಿಗಾಗಿ ನದಿಗಳ ಪಾತ್ರದಿಂದ ತೋಡಿದೆವು. ಬಂದರುಗಳ ಬಾಯಲ್ಲಿ ಕಡಲಿಗೆ ಚಾಚಿದ ಕಲ್ಲಿನ ಕಟ್ಟೆಗಳು ತೀರದುದ್ದಕ್ಕೂ ಸಂಚರಿಸುವ ಮರಳನ್ನು ಒಂದು ಕಡೆ ತಡೆದು ಇನ್ನೊಂದು ಕಡೆ ಬರಿದು ಮಾಡುತ್ತವೆ. ಮನೆ ಬೀಳುತ್ತಿರುವಾಗ ಬಂಡೆ ಸುರಿಯದೆ ಬೇರೆ ದಾರಿಯಿಲ್ಲ. ಆದರೆ ಬಂಡೆಗೆ ಬಡಿದ ಅಲೆ ಹಿಂದಕ್ಕೆ ಹಾರಿ ತಡಿಯ ಮರಳನ್ನೇ ತೋಡುತ್ತದೆ. ಗೋಡೆ ಮುಗಿದ ಕಡೆಯಲ್ಲಿ ನೆರೆಯವನ ಅಂಗಳ ಕೊರೆಯತೊಡಗುತ್ತದೆ. ಕಡಲಂಚಿನಲ್ಲಿ ಕಟ್ಟಡಗಳನ್ನು ನಿಯಂತ್ರಿಸುವ ನಿಯಮವನ್ನು ಭಾರತ ಸರ್ಕಾರ 1991ರಲ್ಲೇ ಹೊರಡಿಸಿತು. ಅಲೆಗೆ ಕಾಲು ತಾಗುವಂಥ ಕೋಣೆಯೇ ಬೇಕೆಂದು ಹಟ ಹಿಡಿಯುವ ಪ್ರವಾಸಿ ಆ ನಿಯಮವನ್ನು ಸಡಿಲಿಸಲು ತಾನೂ ಒಂದು ಕೈ ಹಾಕಿದಂತೆ. ಊರೊಳಗೆ ತಂಗಿ, ಕಡಲಿಗೆ ನಡೆದು ಹೋಗುವುದರಲ್ಲಿ ಯಾವ ಕೊರತೆಯೂ ಇಲ್ಲ.

ಇನ್ನೊಂದು ಮಾತು. ಪಟ್ಟಣದಿಂದ ಹೋದ ನಮಗೆ ತೀರ ಬರಿದಾದ ಬಯಲಿನಂತೆ ಕಾಣುತ್ತದೆ. ಮೊಗವೀರರಿಗೆ, ಖಾರ್ವಿಗಳಿಗೆ, ಹರಿಕಂತ್ರರಿಗೆ ಅದು ಅಂಗಳ, ಕಣ, ಕಾರ್ಯಾಗಾರ. ಹಿಂದೆ ರಂಪಣಿ ಎಂಬ ದೊಡ್ಡ ಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದಲೇ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹೆಚ್ಚಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಚಿಕ್ಕದಾದ ಕೈರಂಪಣಿಯನ್ನು ಎಳೆಯುವುದನ್ನು ಈಗಲೂ ಕೆಲವು ತೀರಗಳಲ್ಲಿ ಕಾಣಬಹುದು. ಅದು ಕಂಡರೆ ಚಿತ್ರ ತೆಗೆಯುವುದನ್ನು ಸ್ವಲ್ಪ ನಿಲ್ಲಿಸಿ, ಕೇಳಿಕೊಂಡು, ಹಗ್ಗಕ್ಕೆ ಕೈಹಾಕಿರಿ. ಒಣಹಾಕಿದ ಮೀನನ್ನೂ ಬಲೆಯನ್ನೂ ತುಳಿಯಬೇಡಿರಿ. ಗಾಜಿನ ಶೀಸೆಗಳನ್ನು ಮರಳಿನಲ್ಲಿ ಬಿಟ್ಟು ಬರಬೇಡಿರಿ. ನಾಳೆ ಬೆಳಗಿನ ಜಾವ ಬರಿಗಾಲಿನಲ್ಲಿ ದೋಣಿಯನ್ನು ನೂಕುವವರು ಅಲ್ಲಿಗೆ ಬರುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿಮಾಡುವ ಕಾಲವೆಂದು ಅವಕ್ಕೆ ರಜೆ. ನಮ್ಮ ರಜೆ ಮುಗಿಯುವ ಹೊತ್ತಿಗೆ ಕಡಲಿನ ರಜೆ ಆರಂಭವಾಗುತ್ತದೆ.

ನನಗೆ ಕೊಟ್ಟ ಕಾಲವೂ ಮುಗಿಯುತ್ತ ಬಂದಿತು. ಕುಂದಾಪುರದ ಆ ಸಂಜೆಯಾದ ಮರುವರ್ಷ ಮುದಿ ನಾವಿಕನ ಪಾಠವನ್ನು ನಾನು ಬೇರೆ ರೀತಿಯಲ್ಲಿ ಹೇಳಿದೆ. ಹುಡುಗರು ಬರೆದುಕೊಳ್ಳುವುದನ್ನು ಬಿಟ್ಟು ಕೇಳಿದರು. ಪ್ರತಿ ಬೇಸಗೆಯಲ್ಲಿಯೂ ಒಂದು ವಾರ ಈಗ ನಾನು ಕರಾವಳಿಯಲ್ಲಿರುತ್ತೇನೆ. ಹಿಂದಿರುಗಿ ಬಂದ ಕೆಲವು ದಿನಗಳಲ್ಲೇ, ಆ ಕಡಲಿನಿಂದೆದ್ದ ಮೋಡಗಳು ಘಟ್ಟವನ್ನು ದಾಟಿ ನಮ್ಮ ಹಳ್ಳಿಯ ಕಡೆಗೂ ಬರುತ್ತವೆ. ಅಣ್ಣ ಊರಿನಿಂದ ಮಾತನಾಡುವಾಗ ಕೆರೆಗೆ ಎಷ್ಟು ನೀರು ಬಂದಿತೆಂದು ಹೇಳುತ್ತಾನೆ. ಕೆರೆಯನ್ನು ತುಂಬುವುದು ಆ ಕಡಲೇ ಎಂಬುದು ಚಿಕ್ಕಂದಿನಿಂದ ಪುಸ್ತಕದಲ್ಲಿ ಓದಿದ ಸಂಗತಿ. ಮರಳಿನ ಮೇಲ ಕುಳಿತು ಆ ನೀರನ್ನು ಎದುರಿಗೆ ಕಂಡ ಮೇಲೆ ಅದು ನೆಂಟರ ಮನೆಯ ಸಂಗತಿಯಾಯಿತು. ಈ ರಜೆಯಲ್ಲಿ ನಿಮಗೂ ಆ ನೆಂಟಸ್ತಿಕೆ ಒದಗಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.